ಗಣಕಯಂತ್ರದ ಉನ್ನತೀಕರಣಕ್ಕೆ ಮುನ್ನ: ಡಿಸ್ಕ್‌ನಲ್ಲಿ ಸ್ಥಳ ಮಾಡಿಕೊಳ್ಳುವ ಬಗೆ

ವಿಂಡೋಸ್ 10 ಕಾರ್ಯಾಚರಣೆ ವ್ಯವಸ್ಥೆಗೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಕ್ತಾಯಗೊಂಡಿದೆ. ಯಂತ್ರವು ಆ ದಿನದ ನಂತರವೂ ಎಂದಿನಂತೆ ನಡೆಯುತ್ತದೆ; ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಉಚಿತ ಪರಿಹಾರವು ತಾನಾಗಿ ಬಂದು ಸೇರುವುದಿಲ್ಲ. ಡಿಜಿಟಲ್ ಸಹಿಯ ಮೂಲಕ ಸಾರ್ವಜನಿಕ ಹಣ ಪಾವತಿಸುವ ಕಚೇರಿಯೊಂದಕ್ಕೆ ಇದು ಲಘುವಾದ ವಿಷಯವಲ್ಲ. ಆದ್ದರಿಂದ ವಿಂಡೋಸ್ 11ಕ್ಕೆ ಉನ್ನತೀಕರಿಸುವ ಮಾತು ಸಹಜವಾಗಿ ಏಳುತ್ತದೆ. ಆಗ ಎದುರಾಗುವ ಮೊದಲ ತಡೆ, ಡಿಸ್ಕ್‌ನಲ್ಲಿ ಸ್ಥಳವಿಲ್ಲವೆಂಬ ಸೂಚನೆ. ಈ ಸೂಚನೆ ಕಂಡಾಗ ಕಚೇರಿಯಲ್ಲಿ ಏನನ್ನು ಅಳಿಸಲಾಗುತ್ತಿದೆ ಎಂಬುದು ಸದಸ್ಯರಿಗೂ ತಿಳಿದಿರುವುದು ಅಗತ್ಯ. ಏಕೆಂದರೆ ಅಳಿಸಲ್ಪಡುವುದು ಪಂಚಾಯಿತಿಯ ದಾಖಲೆಯೇ ಆಗಿರಬಹುದು.

ಸ್ಥಳ ಮಾಡುವ ಶ್ರಮಕ್ಕಿಂತ ಮೊದಲು ಯಂತ್ರವು ಉನ್ನತೀಕರಣಕ್ಕೆ ಅರ್ಹವೇ ಎಂದು ನೋಡತಕ್ಕದ್ದು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 ಎಂಬ ಭದ್ರತಾ ಘಟಕ ಹಾಗೂ ಅಂಗೀಕೃತ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್ ಪ್ರೊಸೆಸರ್ ಆದಲ್ಲಿ ಸ್ಥೂಲವಾಗಿ ಎಂಟನೆಯ ಪೀಳಿಗೆಯಿಂದ ಈಚಿನದು ಎಂದು ತಿಳಿಯಬಹುದು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶವು ಕೆಲವೇ ನಿಮಿಷಗಳಲ್ಲಿ ಉತ್ತರ ನೀಡುತ್ತದೆ. ಟಿಪಿಎಂ ಯಂತ್ರದಲ್ಲಿದ್ದೂ ಬಯೋಸ್‌ನಲ್ಲಿ ಸ್ಥಗಿತಗೊಂಡಿರುವುದುಂಟು. ಹೊಸ ಯಂತ್ರದ ಪ್ರಸ್ತಾವನೆ ಸಭೆಯ ಮುಂದೆ ಬಂದಾಗ ಇದನ್ನು ಪರಿಶೀಲಿಸಲಾಗಿದೆಯೇ ಎಂದು ಕೇಳುವುದು ಉಚಿತ.

ಸ್ಥಳವು ತುಂಬುವುದು ಹೇಗೆ? ಒಂದು ಲೆಕ್ಕ ನೋಡಬಹುದು. ಎ4 ಅಳತೆಯ ಒಂದು ಪುಟವನ್ನು 300 ಡಿಪಿಐನಲ್ಲಿ ವರ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480 ಅಡ್ಡ ಹಾಗೂ 3508 ಉದ್ದದ ಬಿಂದುಗಳಾಗುತ್ತವೆ. ಪ್ರತಿ ಬಿಂದುವಿಗೆ 3 ಬೈಟ್‌ನಂತೆ ಒಂದು ಪುಟಕ್ಕೆ ಸುಮಾರು 25 ಎಂಬಿ. 200 ಪುಟಗಳ ವಹಿಯೊಂದನ್ನು ಹೀಗೆ ಸಂಕುಚಿಸದೆ ಬಿಎಂಪಿ ರೂಪದಲ್ಲಿ ಇಟ್ಟರೆ 5 ಜಿಬಿ ಮುಗಿಯಿತು. ಅದೇ ಪುಟಗಳನ್ನು 200 ಡಿಪಿಐನಲ್ಲಿ, ಕಪ್ಪು-ಬಿಳುಪು ಛಾಯೆಯಲ್ಲಿ, ಪಿಡಿಎಫ್ ಆಗಿ ಉಳಿಸಿದರೆ ಓದಲು ಕೊರತೆಯಿಲ್ಲ, ಗಾತ್ರ ಮಾತ್ರ ಹಲವು ಪಟ್ಟು ತಗ್ಗುತ್ತದೆ. ಗ್ರಾಮಸಭೆಯ ವಿಡಿಯೊ ಇನ್ನೂ ಹೊಟ್ಟೆಬಾಕ: ಮೊಬೈಲ್‌ನಲ್ಲಿ ಪೂರ್ಣ ಎಚ್‌ಡಿ ಗುಣಮಟ್ಟದಲ್ಲಿ ಚಿತ್ರಿಸಿದ ಒಂದು ಗಂಟೆ 6ರಿಂದ 8 ಜಿಬಿ ತನಕ ಬೇಡುತ್ತದೆ. ಇವುಗಳ ಜೊತೆಗೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದೇ ಸುತ್ತೋಲೆಯ ಐದಾರು ಪ್ರತಿಗಳು ಡೌನ್‌ಲೋಡ್ಸ್ ಕಡತಕೋಶದಲ್ಲಿ ಕುಳಿತಿರುತ್ತವೆ.

ನಿರಾತಂಕವಾಗಿ ತೆಗೆಯಬಹುದಾದವು ಬೇರೆಯೇ ಇವೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಸ್ಟೋರೇಜ್ ತೆರೆದರೆ ಯಾವುದು ಎಷ್ಟು ಸ್ಥಳ ಹಿಡಿದಿದೆ ಎಂಬುದು ಕಾಣುತ್ತದೆ. ಅಲ್ಲಿನ ತಾತ್ಕಾಲಿಕ ಕಡತಗಳು, ಹಳೆಯ ಅಪ್‌ಡೇಟ್‌ಗಳ ಶೇಷ, ಚಿಕ್ಕಚಿತ್ರಗಳ ಸಂಗ್ರಹ ಇವುಗಳನ್ನು ಅಳಿಸಿದರೆ ಯಾವ ದಾಖಲೆಗೂ ಧಕ್ಕೆಯಿಲ್ಲ. ಯಂತ್ರವನ್ನು ಹೈಬರ್ನೇಟ್ ಸ್ಥಿತಿಗೆ ಒಯ್ಯಲು ಮೀಸಲಾದ ಗುಪ್ತ ಕಡತವೊಂದು ಸಾಮಾನ್ಯವಾಗಿ ರ್‍ಯಾಮ್‌ನ ಶೇ. 40ರಷ್ಟು ಗಾತ್ರದಲ್ಲಿರುತ್ತದೆ, 8 ಜಿಬಿ ರ್‍ಯಾಮ್ ಇದ್ದಲ್ಲಿ 3 ಜಿಬಿಗೂ ಮಿಗಿಲು. ಆ ಸೌಲಭ್ಯವನ್ನು ಸ್ಥಗಿತಗೊಳಿಸಿದರೆ ಅಷ್ಟೂ ಸ್ಥಳ ಬಿಡುಗಡೆಯಾಗುತ್ತದೆ, ಬೇಕೆಂದಾಗ ಮರಳಿ ಪಡೆಯಬಹುದು. ಆದರೆ ಅದೇ ಸ್ಟೋರೇಜ್ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಒಂದು ಸಾಲಾಗಿ ನಿಂತಿರುತ್ತದೆ. ಎಲ್ಲದಕ್ಕೂ ಗುರುತು ಹಾಕಿ ಒಂದೇ ಬಾರಿಗೆ ಗುಂಡಿ ಒತ್ತಿದವರು ತಾಂತ್ರಿಕ ಮಂಜೂರಾತಿ ಪತ್ರ, ಅಂದಾಜು ಪಟ್ಟಿಗಳನ್ನೂ ಕಸದೊಡನೆ ಕಳೆದುಕೊಳ್ಳಬಹುದು.

ಇನ್ನೊಂದು ತಪ್ಪು ಗ್ರಹಿಕೆ ಹೆಚ್ಚು ಅಪಾಯಕಾರಿ. ಕಡತವು ಡೆಸ್ಕ್‌ಟಾಪ್‌ನಲ್ಲಿದೆ, ಕಣ್ಣಿಗೆ ಕಾಣುತ್ತಿದೆ, ಆದ್ದರಿಂದ ಸುರಕ್ಷಿತ ಎಂದು ಬಹಳ ಮಂದಿ ಭಾವಿಸುತ್ತಾರೆ. ಸಾಮಾನ್ಯ ಜೋಡಣೆಯಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಿ ಡ್ರೈವ್‌ನ ಒಳಗೇ ಇವೆ. ತಂತ್ರಜ್ಞನು ಉನ್ನತೀಕರಣದ ಬದಲು ಸಿ ಡ್ರೈವ್ ಅನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಅಳವಡಿಸಿದರೆ ಆ ಮೂರೂ ಹೋಗುತ್ತವೆ. ಡಿ ಡ್ರೈವ್‌ಗೆ ಸಾಗಿಸಿದರೆ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಅನೇಕ ಯಂತ್ರಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕ್‌ನ ಎರಡು ಕೋಣೆಗಳು. ಮನೆಯೇ ಕುಸಿದರೆ ಕೋಣೆಯ ಮಾತೆಲ್ಲಿ? ಎಸ್‌ಎಸ್‌ಡಿ ಇರುವ ಯಂತ್ರಗಳಲ್ಲಿ ಅಳಿಸಿದ ದತ್ತಾಂಶವನ್ನು ಡಿಸ್ಕ್ ತಾನೇ ಬೇಗನೆ ತೆರವುಗೊಳಿಸುವುದರಿಂದ ಮರಳಿ ಪಡೆಯುವ ಭರವಸೆಯೂ ಕ್ಷೀಣ. ಇ-ಸ್ವತ್ತು, ಪಂಚತಂತ್ರದಂತಹ ತಂತ್ರಾಂಶಗಳಲ್ಲಿ ನಮೂದಿಸಿದ ದತ್ತಾಂಶವು ಸರ್ವರ್‌ನಲ್ಲಿ ಉಳಿಯುತ್ತದೆ. ಹಳೆಯ ನಡಾವಳಿಗಳ ಸ್ಕ್ಯಾನ್, ಕಾಮಗಾರಿಯ ಛಾಯಾಚಿತ್ರ, ನುಡಿಯಲ್ಲಿ ಬೆರಳಚ್ಚಿಸಿದ ಪತ್ರಗಳಿಗೆ ಕಚೇರಿಯ ಯಂತ್ರವೇ ಏಕೈಕ ನೆಲೆಯಾಗಿರುವುದುಂಟು. ದಾಖಲೆಗಳನ್ನು ಕ್ರಮಬದ್ಧವಾಗಿ ಕಾಯ್ದುಕೊಳ್ಳುವ ಹೊಣೆಯನ್ನು ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 4 ಪ್ರಾಧಿಕಾರದ ಮೇಲೆಯೇ ಹೊರಿಸಿದೆ.

ಆದ್ದರಿಂದ ಅಳಿಸುವ ಮೊದಲು ಪ್ರತಿ ಮಾಡತಕ್ಕದ್ದು. 1 ಟಿಬಿಯ ಬಾಹ್ಯ ಹಾರ್ಡ್ ಡಿಸ್ಕ್ ಒಂದು ಹಲವು ವರ್ಷಗಳ ದಾಖಲೆಯನ್ನು ಹಿಡಿದೀತು; ಅದರ ಖರೀದಿಗೆ ಸಭೆಯು ಅನುಮೋದನೆ ನೀಡಿ, ಅದನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ, ಯಂತ್ರದ ಪಕ್ಕದಲ್ಲಲ್ಲದೆ ಬೀರುವಿನಲ್ಲಿ ಇರಿಸುವ ವ್ಯವಸ್ಥೆ ಮಾಡಬಹುದು. ಪ್ರತಿ ಮಾಡಿದ ಬಳಿಕ ಕೆಲವು ಕಡತಗಳನ್ನು ಆ ಡಿಸ್ಕ್‌ನಿಂದಲೇ, ಸಾಧ್ಯವಾದರೆ ಬೇರೊಂದು ಯಂತ್ರದಲ್ಲಿ, ತೆರೆದು ನೋಡಬೇಕು. ನುಡಿ ಫಾಂಟ್‌ಗಳಿಲ್ಲದ ಯಂತ್ರದಲ್ಲಿ ಹಳೆಯ ನುಡಿ ಪತ್ರಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಹಾಳಾಯಿತೆಂದು ಅವನ್ನು ಅಳಿಸಬಾರದು, ಫಾಂಟ್ ಅಳವಡಿಸಿದರೆ ಕನ್ನಡ ಮರಳುತ್ತದೆ.

ಸಿ ಡ್ರೈವ್‌ನಲ್ಲಿ 30 ಜಿಬಿಯಷ್ಟು ಖಾಲಿ ಇರಿಸಿಕೊಂಡರೆ ಕೆಲಸ ಸರಾಗ. ಮಾರ್ಚ್ ಅಂತ್ಯದಲ್ಲಾಗಲಿ, ಬಿಲ್ಲುಗಳ ಪಾವತಿ ಬಾಕಿಯಿರುವ ವಾರದಲ್ಲಾಗಲಿ ಉನ್ನತೀಕರಣಕ್ಕೆ ಕೈಹಾಕುವುದು ವಿವೇಕವಲ್ಲ. ಯುಪಿಎಸ್ ಬ್ಯಾಟರಿ ಸರಿಯಿದೆಯೇ ಎಂಬುದನ್ನೂ ಮೊದಲೇ ನೋಡಬೇಕು.

ಉನ್ನತೀಕರಣ ಮುಗಿದ ಮೇಲೆ ಹಳೆಯ ವಿಂಡೋಸ್ ಪೂರ್ತಿಯಾಗಿ ವಿಂಡೋಸ್ ಡಾಟ್ ಓಲ್ಡ್ ಎಂಬ ಕೋಶದಲ್ಲಿ ಉಳಿದಿರುತ್ತದೆ. ಗಾತ್ರ ನೋಡಿ ಅದನ್ನು ಅಂದೇ ಅಳಿಸುವ ಆತುರ ಸಲ್ಲದು. ಹಳೆಯ ವ್ಯವಸ್ಥೆಗೆ ಮರಳಲು ಇರುವ ದಾರಿ ಅದೊಂದೇ, ಅದೂ 10 ದಿನಗಳ ಮಟ್ಟಿಗೆ. ಆ ಅವಧಿಯಲ್ಲಿ ಡಿಜಿಟಲ್ ಸಹಿಯ ಟೋಕನ್, ಸ್ಕ್ಯಾನರ್, ಮುದ್ರಕ, ಬೆರಳಚ್ಚು ಸಾಧನ ಹಾಗೂ ಇ-ಗ್ರಾಮಸ್ವರಾಜ್‌ನ ಪಾವತಿ ಪುಟ ಇವೆಲ್ಲ ಕೆಲಸ ಮಾಡುತ್ತಿವೆಯೆಂದು ಪರೀಕ್ಷಿಸಿ, ನಂತರವೇ ಸ್ಟೋರೇಜ್ ಪಟ್ಟಿಯಲ್ಲಿನ ಹಿಂದಿನ ವಿಂಡೋಸ್ ಅಳವಡಿಕೆ ಎಂಬ ಸಾಲನ್ನು ಗುರುತಿಸಿ ತೆಗೆಯತಕ್ಕದ್ದು.