ಮುಖವಳಿದ ನಾಣ್ಯ

ಈಗಿನ ತುರ್ಕಿಯ ನೈಋತ್ಯ ಭಾಗದಲ್ಲಿದ್ದ ಸ್ತ್ರಾತೊನಿಕೇಯ ಎಂಬ ಗ್ರೀಕ್ ನಗರವು ಕ್ರಿ. ಶ. 3ನೆಯ ಶತಮಾನದ ಆದಿಯಲ್ಲಿ ದೊಡ್ಡ ಕಂಚಿನ ನಾಣ್ಯಗಳನ್ನು ಅಚ್ಚುಹಾಕಿಸಿತು. ಅವುಗಳ ಮುಮ್ಮುಖದಲ್ಲಿ ಎದುರುಬದುರಾಗಿ ಎರಡು ಮುಖಗಳಿರಬೇಕು. ಆದರೆ ಉಳಿದುಬಂದಿರುವ ಹಲವು ನಾಣ್ಯಗಳಲ್ಲಿ ಕಾಣುವುದು ಒಂದೇ ಮುಖ. ಇನ್ನೊಂದಿದ್ದೆಡೆ ಕೆತ್ತಿ ತೆಗೆದ ಒರಟು ಗುರುತು ಮಾತ್ರವಿದೆ. ಉಳಿದ ಮುಖ ರೋಮಿನ ಚಕ್ರವರ್ತಿ ಕಾರಕಲ್ಲನದು; ಅಳಿದುದು ಅವನ ತಮ್ಮ ಗೇತನದು.

ಗ್ರೀಕ್ ನಾಡುಗಳನ್ನು ಗೆದ್ದ ರೋಮನ್ನರು ಚಿನ್ನ ಬೆಳ್ಳಿಗಳ ನಾಣ್ಯವನ್ನು ಬಹುಮಟ್ಟಿಗೆ ತಮ್ಮ ಹತೋಟಿಯಲ್ಲಿಟ್ಟುಕೊಂಡು, ಸಂತೆಯ ಚಿಲ್ಲರೆಗೆ ಬೇಕಾದ ಕಂಚನ್ನು ಆಯಾ ನಗರಗಳಿಗೆ ಬಿಟ್ಟಿದ್ದರು. ಇಂಥ ನಗರಗಳು ನೂರಾರು. ಮುಮ್ಮುಖದಲ್ಲಿ ಸಾಮಾನ್ಯವಾಗಿ ಚಕ್ರವರ್ತಿಯ ತಲೆ. ಹಿಮ್ಮುಖವಾದರೋ ಊರಿನ ಸ್ವತ್ತು. ಎಫೆಸಸ್ ತನ್ನ ಆರ್ಟೆಮಿಸ್ ದೇವಿಯನ್ನೂ ಆಕೆಯ ದೇಗುಲವನ್ನೂ ಅಲ್ಲಿ ಮೆರೆಸಿತು. ಬರಹ ಗ್ರೀಕಿನಲ್ಲಿ. ರೋಮಿನ ಬೆಳ್ಳಿ ನಮ್ಮ ಚಂದ್ರವಳ್ಳಿಯವರೆಗೂ ಬಂದುದನ್ನು ಓದುಗರು ಕೇಳಿರಬಹುದು; ಈ ಕಂಚು ಸಾಮಾನ್ಯವಾಗಿ ಊರ ಸುತ್ತಿನಲ್ಲೇ ಚಲಾವಣೆಯಾಗುತ್ತಿತ್ತು.

ಕಂಚಿನ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಬೇರೆ ಬೇರೆ ಊರುಗಳ ನಾಣ್ಯಗಳಲ್ಲಿ ಒಮ್ಮೊಮ್ಮೆ ಒಂದೇ ಅಚ್ಚಿನ ಮುಖ ಕಾಣಿಸುತ್ತದೆ. ಒಂದೇ ಕಾರ್ಯಾಗಾರ ಹಲವು ನಗರಗಳಿಗೆ ದುಡಿಯುತ್ತಿತ್ತೆಂದು ಜರ್ಮನ್ ವಿದ್ವಾಂಸ ಕೊನ್ರಾಡ್ ಕ್ರಾಫ್ಟನು 1972ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇದರಿಂದಲೇ ವಾದಿಸಿದನು.

ಇನ್ನು ಗೇತನ ಕಥೆ. 211ರ ಫೆಬ್ರವರಿಯಲ್ಲಿ ತಂದೆ ಸೆಪ್ಟಿಮಿಯಸ್ ಸೆವೆರಸನು ತೀರಿಕೊಂಡಾಗ ಸೋದರರಿಬ್ಬರೂ ಕೂಡಿ ಆಳತೊಡಗಿದರು. ಆ ವರ್ಷ ಮುಗಿಯುವಷ್ಟರಲ್ಲಿ ಕಾರಕಲ್ಲನು ತಮ್ಮನನ್ನು ಕೊಲ್ಲಿಸಿದನು. ತಾಯಿಯ ತೋಳುಗಳಲ್ಲೇ ಅವನು ಸತ್ತನೆಂದು ಸಮಕಾಲೀನ ಇತಿಹಾಸಕಾರ ದಿಯೋ ಹೇಳುತ್ತಾನೆ. ಆಮೇಲೆ ಹತನ ನೆನಪನ್ನೇ ಅಳಿಸಬೇಕೆಂಬ ಕಟ್ಟಳೆ ಹೊರಟಿತು. ಶಾಸನಗಳಿಂದ ಹೆಸರು ಹೋಯಿತು, ಚಿತ್ರಗಳಿಂದ ಮುಖ ಹೋಯಿತು. ಆದರೆ ಜನರ ಚೀಲಗಳಲ್ಲಿ ಹರಡಿಹೋದ ನಾಣ್ಯಗಳಿಗೆ ಏನು ಮಾಡುವುದು? ಗೇತನ ಮುಖವಿರುವ ಬೆಳ್ಳಿ ನಾಣ್ಯಗಳು ಇಂದಿಗೂ ಮುಕ್ಕಾಗದೆ ಹೇರಳವಾಗಿ ದೊರೆಯುತ್ತವೆ. ಸ್ತ್ರಾತೊನಿಕೇಯದವರು ಮಾತ್ರ ಒಂದೊಂದು ನಾಣ್ಯವನ್ನೂ ಹಿಡಿದು ಕೆತ್ತಿದರು; ಹಲವಕ್ಕೆ ಮರುಮುದ್ರೆಯನ್ನೂ ಒತ್ತಿದರು. ರೋಮಿನ ಒತ್ತಾಯಕ್ಕಿಂತ ಊರ ಮುಖಂಡರ ಭಯವೇ ಇಲ್ಲಿ ಹೆಚ್ಚು ಕೆಲಸ ಮಾಡಿತೆಂದು ನನ್ನ ಊಹೆ.

ಈ ನಾಣ್ಯಪದ್ಧತಿ ಬಹುಕಾಲ ಬಾಳಲಿಲ್ಲ. ಅದೇ ಶತಮಾನದ ನಡುವಿನಲ್ಲಿ ರೋಮಿನ ಬೆಳ್ಳಿ ನಾಣ್ಯಕ್ಕೆ ತಾಮ್ರ ಬೆರೆತು ಬೆರೆತು, ಗಲ್ಲಿಯೇನಸನ ಆಳ್ವಿಕೆಯ ಕೊನೆಗೆ ಅದರಲ್ಲಿ ಬೆಳ್ಳಿಯೆಂಬುದು ಹೆಸರಿಗಷ್ಟೇ ಉಳಿಯಿತು. ದೊಡ್ಡ ಕಂಚಿನ ನಾಣ್ಯವೊಂದರ ಲೋಹವೇ ಅದರ ಮುಖಬೆಲೆಯನ್ನು ಮೀರಿದಾಗ ನಗರಗಳು ಒಂದೊಂದಾಗಿ ಅಚ್ಚು ಹಾಕುವುದನ್ನು ನಿಲ್ಲಿಸಿದವು. ಪಂಫೀಲಿಯದ ಪೆರ್ಗೆ ನಗರ 275–276ರ ತಾಸಿಟಸ್ ಚಕ್ರವರ್ತಿಯ ಕಾಲದವರೆಗೂ ಎಳೆದಾಡಿತು.