ಈಹೆಯಿಲ್ಲದ ನಿರ್ಣಯ

ಅಷ್ಟಮಿ ಚತುರ್ದಶಿಗಳಂದು ನಾವು ಆಹಾರವನ್ನು ತ್ಯಜಿಸುತ್ತೇವೆ. ಆದರೆ ಅಂದು ನಮ್ಮ ಮನಸ್ಸು ಪರರ ದೋಷಗಳನ್ನು ಎಣಿಸುವುದರಲ್ಲಿಯೇ ತೊಡಗಿದ್ದರೆ ವ್ರತದ ಫಲವೇನು? ಕಂಡದ್ದು ಅಲ್ಪ, ನಿರ್ಣಯಿಸಿದ್ದು ಬಹಳ. ಇದು ನಮ್ಮೆಲ್ಲರಲ್ಲಿಯೂ ಇರುವ ದೋಷ.

ಒಂದು ಪ್ರಸಂಗವನ್ನು ಭಾವಿಸೋಣ. ಚತುರ್ದಶಿಯಂದು ಸೊಸೆಯು ಉಪವಾಸವನ್ನು ಸ್ವೀಕರಿಸಿದ್ದಾಳೆ. ಮಧ್ಯಾಹ್ನ ಅವಳು ಹಾಲಿನ ಲೋಟವನ್ನು ತೊಳೆದಿಡುವುದನ್ನು ಅತ್ತೆಯವರು ಕಾಣುತ್ತಾರೆ. “ವ್ರತಭಂಗ ಮಾಡಿದಳು” ಎಂದು ಆ ಕ್ಷಣವೇ ತೀರ್ಮಾನಿಸುತ್ತಾರೆ. ಸಂಜೆಯೊಳಗೆ ಆ ಮಾತು ಬಸದಿಯ ಅಂಗಳವನ್ನು ಮುಟ್ಟುತ್ತದೆ. ಹಾಲು ಕುಡಿದದ್ದು ಜ್ವರದಿಂದ ಮಲಗಿದ್ದ ಮಗುವೆಂದು ಮರುದಿನ ತಿಳಿಯುತ್ತದೆ. ಆದರೆ ಮೊದಲ ಮಾತನ್ನು ಕೇಳಿದವರೆಲ್ಲರನ್ನೂ ಎರಡನೆಯ ಮಾತು ತಲಪುವುದಿಲ್ಲ.

ತಪ್ಪು ನಡೆದದ್ದು ಎಲ್ಲಿ? ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಪ್ರಥಮಾಧ್ಯಾಯದಲ್ಲಿ ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಭೇದಗಳನ್ನು ಹೇಳಿದ್ದಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇವುಗಳನ್ನು ಒಂದು ದೃಷ್ಟಾಂತದಿಂದ ವಿವರಿಸಿದ್ದಾರೆ. ಬೆಳ್ಳಗಿನ ರೂಪವೊಂದು ಕಂಡಿತೆಂಬುದು ಅವಗ್ರಹ. ಅದು ಬೆಳ್ಳಕ್ಕಿಯೋ ಪತಾಕೆಯೋ ಎಂದು ವಿಶೇಷವನ್ನು ಅರಿಯಬಯಸುವುದು ಈಹಾ. ಮೇಲೇರುವುದು, ಕೆಳಗಿಳಿಯುವುದು, ರೆಕ್ಕೆ ಬಡಿಯುವುದು ಇವುಗಳನ್ನು ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ಅದನ್ನು ಕಾಲಾಂತರದಲ್ಲಿಯೂ ಮರೆಯದಿರುವುದು ಧಾರಣಾ.

ಅತ್ತೆಯವರ ಅವಗ್ರಹದಲ್ಲಿ ದೋಷವಿಲ್ಲ. ಲೋಟವನ್ನು ಕಂಡದ್ದು ನಿಜ. ಈಹೆಯನ್ನು ಬಿಟ್ಟು ನಿರ್ಣಯಕ್ಕೆ ಹಾರಿದ್ದೇ ದೋಷ. ಅಂತಹ ನಿರ್ಣಯವು ನೆನಪಿನಲ್ಲಿ ನೆಲೆಯೂರಿದರೆ, ಮುಂದೆ ಸೊಸೆಯು ಮಾಡುವುದೆಲ್ಲವೂ ಸಂಶಯಾಸ್ಪದವಾಗಿಯೇ ತೋರುತ್ತದೆ.

ಮಾಣಿಕ್ಯನಂದಿ ಆಚಾರ್ಯರ ಪರೀಕ್ಷಾಮುಖದ ಪ್ರಕಾರ, ಸಾಧ್ಯದೊಡನೆ ಅವಿನಾಭಾವವು ನಿಶ್ಚಿತವಾಗಿರುವುದೇ ಹೇತು. ಬೆಂಕಿಯಿಲ್ಲದೆ ಹೊಗೆಯುಂಟಾಗದು, ಆದುದರಿಂದ ಹೊಗೆಯು ಬೆಂಕಿಗೆ ಹೇತು. ವ್ರತಭಂಗವಾಗದೆ ಹಾಲಿನ ಲೋಟವನ್ನು ತೊಳೆಯುವ ಪ್ರಸಂಗವೇ ಬಾರದೆ? ಬರುತ್ತದೆ. ಆದುದರಿಂದ ಅದು ಹೇತುವಲ್ಲ, ಹೇತ್ವಾಭಾಸ.

ಹಾಗಾದರೆ ಯಾವುದನ್ನೂ ನಿರ್ಣಯಿಸಲೇಬಾರದೆ? ಹಾಗಲ್ಲ. ಅವಾಯವೂ ಜ್ಞಾನವೇ, ಅದು ಈಹೆಯ ಮಾರ್ಗವಾಗಿ ಬರಬೇಕು, ಅಷ್ಟೆ. ನಿರ್ಣಯಕ್ಕೆ ಮುನ್ನ ಶ್ರಾವಕ ಶ್ರಾವಿಕೆಯರು ತಮ್ಮನ್ನು ತಾವೇ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ:

1. ನಾನು ಕಣ್ಣಾರೆ ಕಂಡದ್ದೆಷ್ಟು, ಊಹಿಸಿ ಸೇರಿಸಿದ್ದೆಷ್ಟು?

2. ಕಂಡದ್ದಕ್ಕೆ ಬೇರೆ ಕಾರಣವಿರಬಹುದೆ?

3. ಅವರು ಸ್ವೀಕರಿಸಿದ ನಿಯಮ ಯಾವುದು? ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕು ವಿಧದ ಆಹಾರದ ತ್ಯಾಗವನ್ನು ಉಪವಾಸವೆಂದೂ, ಒಂದು ಬಾರಿ ಉಣ್ಣುವುದನ್ನು ಪ್ರೋಷಧವೆಂದೂ ಬೇರೆ ಬೇರೆಯಾಗಿ ಹೇಳಿದ್ದಾರೆ. ಏಕಭುಕ್ತಿಯ ನಿಯಮವುಳ್ಳವರು ಉಣ್ಣುವುದನ್ನು ಕಂಡು ವ್ರತಭಂಗವೆನ್ನುವುದು ನಮ್ಮದೇ ಅಜ್ಞಾನ.

ಅದೇ ಗ್ರಂಥದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳ ಪೈಕಿ ಪೈಶುನ್ಯವೂ, ಎಂದರೆ ಚಾಡಿಯೂ, ಒಂದಾಗಿದೆ. ಉಪಗೂಹನವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದು. ಇದ್ದ ದೋಷವನ್ನೇ ಮುಚ್ಚಬೇಕೆಂಬ ಧರ್ಮದಲ್ಲಿ ಹುಟ್ಟಿದ ನಾವು, ಇಲ್ಲದ ದೋಷವನ್ನು ಸಾರಬಹುದೆ?

ಬರುವ ಪರ್ವದಂದು ಉಪವಾಸದ ಜೊತೆಗೆ ಇನ್ನೊಂದು ನಿಯಮವನ್ನೂ ಸ್ವೀಕರಿಸೋಣ: ವಿಚಾರಿಸದೆ ಯಾರ ವಿಷಯದಲ್ಲಿಯೂ ತೀರ್ಮಾನವನ್ನು ನುಡಿಯಲಾರೆ. ಅಂದು ನಾಲಗೆಯೂ ನಿಜವಾಗಿ ಉಪವಾಸವಿದ್ದಂತಾಗುವುದು.