ಹಲಸಿನ ಹಲಗೆ, ಮೊದಲ ಮಣೆ

ಮರಗೆಲಸದ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ಮೊದಲ ದಿನವೇ ಕುರ್ಚಿ ಮಾಡುವ ಆಸೆ. ನಾನು ಮಣೆಯಿಂದ ಶುರುಮಾಡಿಸುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ ಊಟಕ್ಕೆ, ಪೂಜೆಗೆ, ಮದುವೆಗೆ ಬೇಕಾಗುವ ವಸ್ತು ಅದು. ಒಂದು ಹಲಗೆ, ಅಡಿಗೆ ಎರಡು ಪಟ್ಟಿ. ಮಳೆಸೀಮೆಯಲ್ಲಿ ಮರ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದನ್ನು ಇಷ್ಟು ಚಿಕ್ಕ ಕೆಲಸದಲ್ಲೇ ಕಲಿಯಬಹುದು.

ನಮ್ಮದು ಮರದ ನಾಡು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ರಥವೇರುವ ಮಾರಿಕಾಂಬೆಯ ಏಳಡಿಗೂ ಮಿಕ್ಕಿದ ವಿಗ್ರಹ ಮರದ್ದು. ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆ ದೇಶಕ್ಕೆಲ್ಲ ಗೊತ್ತು. ಕೈಕೆಲಸವನ್ನು ಶಾಲೆಯ ಪಾಠವಾಗಿಸುವ ಪ್ರಯತ್ನವೂ ಹಳೆಯದು: ಫಿನ್ಲೆಂಡ್ 1866ರಲ್ಲೇ ಆ ದಾರಿ ಹಿಡಿಯಿತು, 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮೂಲಶಿಕ್ಷಣದ ಮಾತೆತ್ತಿದರು.

ಹಲಗೆಗೆ ಹಲಸೇ ಇರಲಿ. ಹೊಸದಾಗಿ ಕೊಯ್ದಾಗ ಹಳದಿ, ವರ್ಷ ಕಳೆದಂತೆ ಕಂದು. ಅದರ ತಿರುಳಿಗೆ ಗೆದ್ದಲು ಸುಲಭಕ್ಕೆ ಬಾಯಿಹಾಕುವುದಿಲ್ಲ. ಹಸಿಮರ ಬೇಡ, ಹಳೇ ಮನೆ ಕಿತ್ತಾಗ ಸಿಕ್ಕ ಒಣಗಿದ ಹಲಗೆ ಎಲ್ಲಕ್ಕಿಂತ ಒಳ್ಳೆಯದು, ಮೊಳೆ ಉಳಿದಿದೆಯೇ ಎಂದು ಮಾತ್ರ ಬೆರಳಾಡಿಸಿ ನೋಡಿ. 18 ಇಂಚು ಉದ್ದ, 12 ಇಂಚು ಅಗಲ, 1 ಇಂಚು ದಪ್ಪ. ಪಟ್ಟಿಗಳು 10 ಇಂಚು ಉದ್ದ, ಒಂದೂವರೆ ಇಂಚು ಅಗಲ, 1 ಇಂಚು ದಪ್ಪ. ಮೂಲೆಮಟ್ಟ ಇಟ್ಟು ಗೆರೆ ಎಳೆದು, ಗರಗಸವನ್ನು ಗೆರೆಯ ಹೊರಬದಿಗೆ ಹಿಡಿಯಿರಿ. ಹೆಚ್ಚು ಉಳಿದದ್ದನ್ನು ಕೀಸಬಹುದು, ಕಡಿಮೆಯಾದದ್ದನ್ನು ಸೇರಿಸಲಾಗದು.

ಈಗ ಕೀಸುಳಿ. ಹಲಗೆಯ ಪಕ್ಕದ ಅಂಚನ್ನು ಬೆಳಕಿಗೆ ಹಿಡಿಯಿರಿ. ನಾರಿನ ಗೆರೆಗಳು ಒಂದು ಕಡೆಗೆ ಏರುತ್ತಾ ಹೋಗಿರುತ್ತವೆ. ಏರುವ ದಿಕ್ಕಿಗೇ ತಳ್ಳಬೇಕು. ದನದ ಮೈ ಸವರಿದ ಹಾಗೆ: ಕೂದಲ ದಾರಿಯಲ್ಲಿ ಸವರಿದರೆ ನುಣುಪು, ಎದುರಾಗಿ ಸವರಿದರೆ ನಿಮಿರುತ್ತದೆ. ದಿಕ್ಕು ಸರಿಯಿದ್ದರೆ ಸುಯ್ ಎಂದು ಒಂದೇ ದನಿ ಬಂದು, ಹೊಟ್ಟು ಸುರುಳಿ ಸುರುಳಿಯಾಗಿ ಏಳುತ್ತದೆ. ತಪ್ಪಿದರೆ ಕಟಕಟ ಎನ್ನುತ್ತಾ ಚಕ್ಕೆ ಕೀಳುತ್ತದೆ. ಆಗ ಹಲಗೆಯನ್ನು ತಿರುಗಿಸಿಕೊಳ್ಳಿ. ಹಲಸಿನಲ್ಲಿ ನಾರು ಹೆಣೆದುಕೊಂಡ ಜಾಗಗಳೂ ಇರುತ್ತವೆ. ಅಲ್ಲಿ ಎರಡು ದಿಕ್ಕೂ ಒಗ್ಗುವುದಿಲ್ಲ. ಅಲಗನ್ನು ತುಸು ಒಳಗೆ ಸರಿಸಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ತೆಗೆಯಿರಿ. ಅವಸರ ಮಾಡುವ ಮಕ್ಕಳಿಗೆ ಇಲ್ಲಿ ನಾನು ಬೈಯುವುದಿಲ್ಲ, ಪಕ್ಕದಲ್ಲಿ ಕೂತು ದನಿ ಕೇಳಿಸುತ್ತೇನೆ.

ಪಟ್ಟಿ ಕೂರಿಸುವಾಗ ಸ್ವಲ್ಪ ನಿಲ್ಲಿ. ನನ್ನ ಮೊದಲ ಮಣೆಗೆ ನಾನು ಅಂಟು ಮೆತ್ತಿ, ಉದ್ದುದ್ದ ಮೊಳೆ ಹೊಡೆದಿದ್ದೆ. ಮಳೆಗಾಲದಲ್ಲಿ ಮಾಡಿದ್ದು. ಚೈತ್ರ ಬರುವಷ್ಟರಲ್ಲಿ ನಡುವೆ ಉದ್ದಕ್ಕೆ ಸೀಳು. ಮರ ಉದ್ದಕ್ಕೆ ಹಿಗ್ಗುವುದು ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ; ಅಗಲಕ್ಕೆ ಮಾತ್ರ, ಒಂದಡಿ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ಎರಡು ಮೂರು ಮಿಲಿಮೀಟರ್ ಆಚೀಚೆ ಆಗುತ್ತದೆ. ಅಡಿಯ ಪಟ್ಟಿ ಅಡ್ಡಕ್ಕಿರುತ್ತದೆ, ಅದು ಜಗ್ಗುವುದಿಲ್ಲ. ನಡುವೆ ಸಿಕ್ಕಿದ ಹಲಗೆ ಸೀಳದೆ ಏನು ಮಾಡೀತು?

ಆದ್ದರಿಂದ ಪಟ್ಟಿಗೆ ಮೂರು ತೂತು. ನಡುವಿನದು ದುಂಡಗೆ, ತುದಿಯ ಎರಡನ್ನು ಪಟ್ಟಿಯ ಉದ್ದಕ್ಕೇ ಸ್ವಲ್ಪ ಎಳೆದು ಉದ್ದುದ್ದ ಮಾಡಿ. ಅಡಿಯಿಂದ ಒಂದೂವರೆ ಇಂಚಿನ ಸ್ಕ್ರೂ ಹಾಕಿ. ಹಲಗೆಯೊಳಗೆ ಹೋಗುವುದು ಅರ್ಧ ಇಂಚು ಮಾತ್ರ, ಮೇಲೆ ಮೂತಿ ತೋರಿಸುವುದಿಲ್ಲ. ನಡುವಿನದನ್ನು ಗಟ್ಟಿ ಬಿಗಿಯಿರಿ, ತುದಿಯವನ್ನು ಹಿಡಿಸುವಷ್ಟು ಮಾತ್ರ. ಅಂಟು ಬೇಡ. ಪಟ್ಟಿ ಹಲಗೆ ಡೊಂಕಾಗದಂತೆ ಹಿಡಿಯುತ್ತದೆ, ಹಲಗೆಗೂ ಉಸಿರಾಡಲು ಜಾಗ ಸಿಗುತ್ತದೆ.

ಮೇಲ್ಮೈ ತಿಕ್ಕಿ ನುಣುಪು ಮಾಡಿ, ಅಂಚಿನ ಚೂಪು ತೆಗೆದು, ಅಗಸೆ ಎಣ್ಣೆ ತೆಳ್ಳಗೆ ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಒಳಗೇ ಬಿಸಿಯೇರಿ ಬೆಂಕಿ ಹಿಡಿಯುವುದುಂಟು. ಬಿಡಿಸಿ, ಹೊರಗೆ ಬೇಲಿಯ ಮೇಲೆ ಹರವಿ.

ಮಣೆ ಸಿದ್ಧವಾಗುವುದು ಫಾಲ್ಗುಣದ ಹೊತ್ತಿಗೆ. ಮನೆಗೆ ಒಯ್ಯುವ ಮುಂಚೆ ಅಡಿಗೆ ಪೆನ್ಸಿಲಿನಲ್ಲಿ ಹಲಗೆಯ ಅಗಲ ಮತ್ತು ತಾರೀಖು ಬರೆಯಿರಿ, ಮಿಲಿಮೀಟರಿನಲ್ಲಿ. ಆಷಾಢದ ಮಳೆ ಹಿಡಿದ ಮೇಲೆ ಅದೇ ಜಾಗದಲ್ಲಿ ಮತ್ತೊಮ್ಮೆ ಅಳೆದು, ಪಕ್ಕದಲ್ಲೇ ಬರೆದು ತರಗತಿಗೆ ತನ್ನಿ.